ಕಿಟಕಿಯಲ್ಲಿ ಊದಿದ ಉಸಿರು

ಮಗಳ ಮನೆಗೆ ಬಂದಾಗಲೆಲ್ಲ ಬಡಗಿ ಮೊದಲು ಕಿಟಕಿಯ ಬಳಿ ನಿಲ್ಲಬೇಕಿತ್ತು. ಅವನು ಸರಳುಗಳ ನಡುವೆ ಬಾಯಿಟ್ಟು ಊದುತ್ತಿದ್ದ, ಅವಳು ಒಳಗಿನಿಂದ ಮೂಸಿ ನೋಡುತ್ತಿದ್ದಳು. ಹೆಂಡದ ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೇ ಬಾಗಿಲು ತೆರೆಯುತ್ತಿತ್ತು. ಅವನು ಕುಡಿತ ಬಿಟ್ಟು ಆರು ವರ್ಷವಾದರೂ ಈ ತಪಾಸಣೆ ಮಾತ್ರ ತಪ್ಪಿರಲಿಲ್ಲ. ದೂರಲು ಅವನಿಗೆ ಬಾಯಿಯೂ ಇರಲಿಲ್ಲ. ಅವಳ ಬಾಲ್ಯವನ್ನೆಲ್ಲ ಕುಡಿದು ಹಾಳು ಮಾಡಿದವನು ಅವನೇ ತಾನೆ.

ಆ ವಾರ ಅವನು ಮರದಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಚಳಿಜ್ವರದಿಂದ ನಡುಗುತ್ತ ಬಿದ್ದಿದ್ದ. ಹೇಗಿದ್ದೀಯಾ ಎನ್ನಲು ಒಂದು ನರಪಿಳ್ಳೆಯೂ ಅತ್ತ ಸುಳಿಯಲಿಲ್ಲ. ಕೊನೆಗೊಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಮಗಳ ಮನೆಯತ್ತ ಹೊರಟ.

ಅವಳ ಬೀದಿಯ ಕ್ಷೌರಿಕ ಅವನ ತೂರಾಟ ನೋಡಿ ನಕ್ಕ. "ಏನಣ್ಣ, ಬೆಳಬೆಳಗ್ಗೆನೇ ಏರಿಸಿಬಿಟ್ಯಾ?"

ಕಿಟಕಿಯ ಮುಂದೆ ನಿಂತಾಗ ಊದಲು ಉಸಿರೇ ಸಾಲಲಿಲ್ಲ. ಮೈಯೆಲ್ಲ ಬೆವರು, ನಾಲಿಗೆಯೂ ತೊದಲಿತು.

"ಮಗಾ... ನಾನು ಕು..."

"ಕಣ್ಣು ನೋಡ್ಕೋ ಹೋಗು, ಹೆಂಗೆ ಹಳದಿಯಾಗಿದೆ! ಮತ್ತೆ ಶುರು ಮಾಡ್ಕೊಂಡ್ಯಲ್ಲಪ್ಪ. ಇದನ್ನೇ ನೋಡಿ ನೋಡಿ ಅಮ್ಮ ಹೋದ್ಲು. ಇನ್ನು ನನ್ನ ಕೈಲಾಗಲ್ಲ."

ಕಿಟಕಿ ಮುಚ್ಚಿತು. ಕುಡಿದಿಲ್ಲ ಎಂದು ಹೇಳಿ ಮುಗಿಸುವ ಮೊದಲೇ ಅವನು ಮೆಟ್ಟಿಲ ಮೇಲೆ ಕುಸಿದ. ಎತ್ತಲು ಓಡಿ ಬಂದ ಕ್ಷೌರಿಕನೇ ಬಾಗಿ ಮೂಸಿ, "ಅಯ್ಯೋ, ವಾಸನೆನೇ ಇಲ್ವಲ್ಲಮ್ಮ!" ಎಂದು ಮುಚ್ಚಿದ ಕಿಟಕಿಯತ್ತ ಕೂಗಿದ.

ಆಸ್ಪತ್ರೆಯಲ್ಲಿ ವೈದ್ಯೆ ಮಗಳಿಗೆ ಹೇಳುತ್ತಿದ್ದದ್ದು ಅವನಿಗೆ ಅರೆನಿದ್ದೆಯಲ್ಲಿ ಕೇಳಿಸಿತು. "ಮಲೇರಿಯಾ ಕಣಮ್ಮ. ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದಿತ್ತು, ಅದಕ್ಕೇ ತೂರಾಟ, ತೊದಲು. ರೋಗಾಣುಗಳು ಕೆಂಪು ರಕ್ತಕಣಗಳನ್ನ ಒಡೆದು ಹಾಕಿವೆ. ಅವು ಒಡೆದಾಗ ಬರೋ ಹಳದಿ ಬಣ್ಣದ ಅಂಶ ರಕ್ತದಲ್ಲಿ ಏರಿದೆ, ಕಣ್ಣಲ್ಲಿ ಕಾಣ್ತಿರೋದು ಅದೇ. ಕುಡಿದಿದ್ದಾರೆ ಅಂತ ಬಿಟ್ಟಿದ್ರೆ ಜೀವ ಉಳೀತಿರಲಿಲ್ಲ."

ಮಗಳು ಮಂಚದ ಕಾಲಬದಿಯಲ್ಲಿ ತುಂಬ ಹೊತ್ತು ನಿಂತಿದ್ದಳು. ಅವಳು ಒಂದು ಮಾತಾಡಲಿ ಎಂದು ಅವನ ಜೀವ ಹಾತೊರೆಯಿತು. ಅವಳು ತಿರುಗಿ ಹೊರಗೆ ಹೋದಳು. ಅಷ್ಟು ಜನರಿದ್ದ ಆ ವಾರ್ಡಿನಲ್ಲಿ ಅವನಿಗೆ ತನ್ನ ಕೋಣೆಗಿಂತ ಹೆಚ್ಚು ಒಂಟಿ ಎನಿಸಿತು.

ಗುಣವಾಗಿ ಹೊರಬಂದವನು ಅಂಜುತ್ತಲೇ ಅವಳ ಮನೆಗೆ ಹೋದ. ಅಭ್ಯಾಸಬಲದಿಂದ ಕಿಟಕಿಯ ಸರಳುಗಳಿಗೆ ಮುಖವಿಟ್ಟು ಎದೆ ತುಂಬ ಉಸಿರೆಳೆದುಕೊಂಡ.

ಪಕ್ಕದಲ್ಲಿ ಚಿಲಕ ಸರಿಯಿತು. ಬಾಗಿಲು ಪೂರ್ತಿ ತೆರೆದು ಮಗಳು ನಿಂತಿದ್ದಳು, ಕಣ್ಣು ಕೆಂಪಗಿತ್ತು.

"ಅಲ್ಲೇನ್ ಮಾಡ್ತಿದ್ದೀಯಪ್ಪ? ಬಾಗಿಲು ಈ ಕಡೆ ಇದೆ."

ಊದಲೆಂದು ಎಳೆದುಕೊಂಡ ಉಸಿರನ್ನು ಏನು ಮಾಡಬೇಕೆಂದು ತಿಳಿಯದೆ ಬಡಗಿ ಅತ್ತುಬಿಟ್ಟ.