ಡೈರಿ ಪೆಟ್ಟಿಗೆಯೊಳಗೆ ಎರಡು ಮನೆ

ಚಲುವರಾಜು ಒಳ್ಳೆಯ ಮನುಷ್ಯ. ಸಿದ್ದೀಕಾಳ ತಲೆನೋವೆಲ್ಲ ಅಲ್ಲಿಂದಲೇ ಶುರು. ಕೆಟ್ಟವನಾಗಿದ್ದರೆ ನಾಲ್ಕು ಬೈದು ಕೈತೊಳೆದುಕೊಳ್ಳಬಹುದಿತ್ತು.

ಮದ್ದೂರು ತಾಲ್ಲೂಕಿನ ಕೊಪ್ಪದಿಂದಾಚೆ, ಬಸ್ಸು ತಿರುಗಿಸಿಕೊಂಡು ವಾಪಸ್ಸಾಗುವ ಆ ಹಳ್ಳಿಯಲ್ಲಿ ಒಂದೇ ಕಟ್ಟಡದಲ್ಲಿ ಎರಡು ಹಾಲಿನ ಡೈರಿ. ಎಡಗಡೆ ಊರ ಡೈರಿ, ಅದಕ್ಕೆ ಚಲುವರಾಜು ಕಾರ್ಯದರ್ಶಿ. ಬಲಗಡೆ ಮಹಿಳಾ ಡೈರಿ, ಅದಕ್ಕೆ ಚಿಕ್ಕಬೋರಮ್ಮ. ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೊಡಲು ಎರಡಕ್ಕೂ ಸೇರಿ ಒಂದೇ ಕಂಪ್ಯೂಟರ್ ಪೆಟ್ಟಿಗೆ, ಎರಡು ಸ್ಕ್ರೀನು. ಆ ಪೆಟ್ಟಿಗೆ ಸಿದ್ದೀಕಾಳದು. ಮದ್ದೂರಿನಲ್ಲಿ ಅಪ್ಪ ವಹಾಬರ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಕೂತು ಅದರ ಕರ್ನಲ್ಲನ್ನು, ಅಂದರೆ ಕಂಪ್ಯೂಟರಿನೊಳಗೆ ಯಾವ ಕೆಲಸ ಯಾವಾಗ ನಡೆಯಬೇಕೆಂದು ಹೇಳುವ ಮೂಲ ಪ್ರೋಗ್ರಾಮನ್ನು, ಎರಡು ವರ್ಷ ಒದ್ದಾಡಿ ಬರೆದಿದ್ದಳು. ನಂಬಿ ಇಟ್ಟುಕೊಂಡ ಮೊದಲ ಜಾಗ ಇದು. ಇಲ್ಲಿಂದ ವಾಪಸ್ ಬಂದರೆ ಸುತ್ತಮುತ್ತಲ ಇನ್ಯಾವ ಡೈರಿಯವರೂ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಆದರೆ ಬೆಳಿಗ್ಗೆ ಏಳಾಯಿತೆಂದರೆ ಮಹಿಳಾ ಡೈರಿಯ ಕಡೆಯ ಕೆಲಸ ದಿಢೀರನೆ ನಿಂತುಹೋಗುತ್ತಿತ್ತು. ಇನ್ನೂ ಇಪ್ಪತ್ತು ಹೆಂಗಸರು ಕ್ಯಾನು ಹಿಡಿದು ಸಾಲಿನಲ್ಲಿ, ಹೊರಗೆ ಹಾಲಿನ ಲಾರಿಯ ಹಾರ್ನು. ಸಿದ್ದೀಕಾ ಒಂದು ವಾರ ತಲೆ ಕೆರೆದುಕೊಂಡು ಕೋಡಿನಲ್ಲಿ ತಪ್ಪು ಹುಡುಕಿದಳು. ತಪ್ಪು ಕೋಡಿನಲ್ಲಿರಲಿಲ್ಲ.

"ನಮ್ದು ಮುಗೀತಲ್ಲಾ, ಅವ್ರದ್ದೂ ಯಾಕ್ ಸುಮ್ನೆ ಓಡ್ಬೇಕು ಅಂತ ನಾನೇ ಎಲ್ಲಾನೂ ನಿಲ್ಸ್‌ಬುಟ್ಟು ಓಯ್ತೀನಿ ಕಣಮ್ಮ," ಅಂದ ಚಲುವರಾಜು, ದೊಡ್ಡ ಉಪಕಾರ ಮಾಡಿದವನಂತೆ.

ಹಗಲಲ್ಲಿ ಯಾರ ಮನೆಯ ಜಗಲಿ ದೀಪ ಉರಿಯುತ್ತಿದ್ದರೂ ಆರಿಸಿ ಮುಂದೆ ಹೋಗುವ ಮನುಷ್ಯ ಅವನು. ಸ್ಕ್ರೀನಿನ ಪಟ್ಟಿಯಲ್ಲಿ ಪೆಟ್ಟಿಗೆಯೊಳಗೆ ನಡೆಯುವ ಕೆಲಸಗಳೆಲ್ಲ ಕಾಣುತ್ತಿದ್ದವು. ಒಂದೊಂದನ್ನೇ ಒತ್ತಿ ನಿಲ್ಲಿಸುತ್ತಿದ್ದ.

"ಅಣ್ಣಾ, ಅವರದ್ದು ಮುಟ್ಬೇಡಿ."

"ಆಯ್ತು ಕಣಮ್ಮ, ಮುಟ್ಟಕಿಲ್ಲ."

ಮಾರನೇ ದಿನ ಮತ್ತೆ ಮುಟ್ಟಿದ. ಹತ್ತು ಸಲ ಹೇಳಿದಳು, ಹತ್ತು ಸಲವೂ ತಲೆಯಾಡಿಸಿದ. ಏಳು ಗಂಟೆಯಾದರೆ ಆ ಕೈ ತನ್ನಷ್ಟಕ್ಕೆ ತಾನೇ ಹೋಗುತ್ತಿತ್ತು. ಇಂಥವರಿಗೆ ಏನಂತ ಹೇಳುವುದು, ನೀವೇ ಹೇಳಿ!

ಚಿಕ್ಕಬೋರಮ್ಮ ಫೋನು ಮಾಡಿ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಸುಕ್ರವಾರದ ಗಂಟ ನೋಡ್ತೀನಿ ಮಗ. ಅವತ್ತೂ ನಿಂತ್ರೆ ನಿನ್ ಪೆಟ್ಟಿಗೆ ಇಲ್ಲಿರಾಕಿಲ್ಲ."

ಸಿದ್ದೀಕಾ ಹಲ್ಲು ಕಚ್ಚಿಕೊಂಡು ಕರ್ನಲ್ಲಿಗೇ ಕೈ ಹಾಕಿದಳು. ನೇಮ್‌ಸ್ಪೇಸ್ ಅನ್ನುತ್ತಾರೆ ಅದಕ್ಕೆ. ಒಂದೇ ಪೆಟ್ಟಿಗೆಯೊಳಗೆ ಗೋಡೆ ಎಬ್ಬಿಸಿ ಎರಡು ಮನೆ ಮಾಡುವುದು. ಈ ಮನೆಯ ಕೆಲಸಗಳಿಗೆ ಒಂದರಿಂದ ನಂಬರು, ಆ ಮನೆಯವಕ್ಕೂ ಒಂದರಿಂದಲೇ. ಇವರ ಪಟ್ಟಿಯಲ್ಲಿ ಅವರದ್ದು ಕಾಣುವುದೇ ಇಲ್ಲ. ಕಾಣದ್ದನ್ನು ಚಲುವರಾಜಣ್ಣ ಹೇಗೆ ನಿಲ್ಲಿಸುತ್ತಾನೋ ನೋಡೇಬಿಡೋಣ! ಕೆಳಗೆ ಸುತ್ತಿಗೆ ಸದ್ದು, ಮೇಲೆ ಇವಳು, ನಾಲ್ಕು ದಿನ ಊಟದ ಪರಿವೆಯಿಲ್ಲ.

ಶುಕ್ರವಾರ ಬೆಳಿಗ್ಗೆ ತಾನೇ ಹೋಗಿ ನಿಂತಳು. ಏಳು ಹೊಡೆಯಿತು. ಚಲುವರಾಜು ತನ್ನದನ್ನೆಲ್ಲ ನಿಲ್ಲಿಸಿದ. ಪಟ್ಟಿ ಖಾಲಿ. ಪಕ್ಕದ ಕೋಣೆಯಲ್ಲಿ ಮಹಿಳಾ ಡೈರಿಯ ಚೀಟಿಗಳು ಬರುತ್ತಲೇ ಇದ್ದವು. ಸಿದ್ದೀಕಾ ಉಸಿರು ಬಿಟ್ಟಳು.

"ಅಯ್ಯೋ ಸಿವನೇ, ಅವ್ರದ್ದು ಕೆಟ್ಟೋಗೈತೆ! ಪಟ್ಟೀಲೇ ಇಲ್ಲ!"

ಇವಳು ಬಾಯಿ ತೆರೆಯುವಷ್ಟರಲ್ಲಿ ಅವನು ಓಡಿಹೋಗಿ ಮೈನ್ ಸ್ವಿಚ್ಚನ್ನು ಆಫ್ ಮಾಡಿ ಆನ್ ಮಾಡಿದ. ಟೀವಿಯಿಂದ ಪಂಪ್‌ಸೆಟ್ಟಿನವರೆಗೆ ಅವನಿಗೆ ಗೊತ್ತಿದ್ದ ರಿಪೇರಿ ಅದೊಂದೇ. ಎರಡೂ ಸ್ಕ್ರೀನು ಕಪ್ಪಾದವು.

ಚಿಕ್ಕಬೋರಮ್ಮ ಎದ್ದು ಬಂದಳು. ವೈರುಗಳನ್ನು ಕಿತ್ತು, ಪೆಟ್ಟಿಗೆಯನ್ನು ಸಿದ್ದೀಕಾಳ ಕೈಯಲ್ಲಿಟ್ಟು, ಹಾಲಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದುಕೊಳ್ಳಲು ಕೂತಳು.

"ನಿಮಗೇನು ಬಂದಿತ್ತು ಅಣ್ಣಾ? ನಿಮಗೆ ಕಾಣದ ಹಾಗೆ ನಡುವೆ ಗೋಡೆ ಹಾಕಿದ್ದೆ ಅಷ್ಟೇ, ನಡೀತಾನೇ ಇತ್ತಲ್ಲ!" ಸಿದ್ದೀಕಾ ಕೂಗಿಬಿಟ್ಟಳು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂದಿತ್ತು. ಅವನೆದುರು ಅತ್ತೆನಲ್ಲಾ ಎಂದು ಇನ್ನಷ್ಟು ಸಿಟ್ಟು ಬಂತು.

ಚಲುವರಾಜು ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡ. "ಕಾಣ್ದಿದ್ರೆ ಗಾಬ್ರಿ ಆಗಾಕಿಲ್ವಾ? ಗೋಡೆ ಆಕವ್ವ, ಬ್ಯಾಡ ಅನ್ನಕಿಲ್ಲ. ಪಕ್ಕದ್ ಮನೇರು ಅವ್ರೋ ಇಲ್ವೋ ಅಂತಾದ್ರೂ ತಿಳೀಬೇಕಲ್ಲ."

ಅವಳ ಬಾಯಲ್ಲಿ ಬೈಗುಳ ರೆಡಿಯಾಗಿತ್ತು. ನುಂಗಿಕೊಂಡಳು. ಗೋಡೆ ಕಟ್ಟಿದವಳು ಕಿಟಕಿ ಮರೆತಿದ್ದಳು, ಅದು ನಿಜ. ನಾಲ್ಕು ದಿನ ಎದುರಿಗಿದ್ದರೂ ತನಗೆ ಹೊಳೆಯದ್ದು ಈ ಪುಣ್ಯಾತ್ಮನ ಬಾಯಲ್ಲಿ ಬರಬೇಕೇ!

"ತಪ್ಪು ನಂದು ಬೋರಕ್ಕ, ನಾಳೆ ಒಂದಿನ ನೋಡು," ಎಂದು ಅವನೇ ಬೇಡಿಕೊಂಡ.

"ನಾಳೆ ಒಂದೇ," ಅಂದಳು ಚಿಕ್ಕಬೋರಮ್ಮ, ತಲೆ ಎತ್ತದೆ.

ಅಲ್ಲೇ ಖಾಲಿ ಕ್ಯಾನಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸಿದ್ದೀಕಾ ಸಂಜೆಯವರೆಗೂ ಬರೆದಳು. ಗೋಡೆ ಹಾಗೇ ಇರಲಿ. ಪಕ್ಕದ ಮನೆ ನಡೆಯುತ್ತಿದೆಯೋ ಇಲ್ಲವೋ ಎಂದು ಕೇಳಿದರೆ ಕರ್ನಲ್ಲು ಒಂದು ಸಾಲಿನಲ್ಲಿ ಹೇಳಲಿ. ನೋಡಬಹುದು, ನಿಲ್ಲಿಸುವ ಹಾಗಿಲ್ಲ. ಪೆಟ್ಟಿಗೆಗೆ ಮತ್ತೆ ವೈರು ಸಿಕ್ಕಿಸಿ ಮದ್ದೂರಿಗೆ ವಾಪಸ್ಸಾದಳು.

ಶನಿವಾರ ಹೋಗಲು ಧೈರ್ಯವಾಗಲಿಲ್ಲ. ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತಿದ್ದಳು. ಏಳೂ ಐದಕ್ಕೆ ಚಲುವರಾಜುವಿನ ಫೋನು ಬಂತು.

"ಕೆಟ್ಟೋಗೈತೆ ಕಣಮ್ಮ! ಅವ್ರದ್ದು ನಡೀತಾ ಐತೆ ಅಂತ ತೋರುಸ್ತೈತೆ, ನಾಕ್ ಸಲ ಒತ್ತುದ್ರೂ ನಿಲ್ತಾನೇ ಇಲ್ಲ!"

ಅವನ ಹಿಂದೆ ಚಿಕ್ಕಬೋರಮ್ಮನ ದನಿ ಕೇಳಿಸಿತು: "ಮುಂದಕ್ ಬಾರೇ ಮಂಚಮ್ಮ, ಚೀಟಿ ತಕೊ, ಲಾರಿ ಬಂತು!"

"ಮೈನ್ ಮುಟ್ಟಿದ್ರಾ ಅಣ್ಣಾ?"

"ಯಾಕ್ ಮುಟ್ಲವ್ವ? ಓಡ್ತಾ ಇರೋದು ಕಣ್ಗೆ ಕಾಣ್ತೈತಲ್ಲ."

ಸಿದ್ದೀಕಾ ಹಣೆಯನ್ನು ಮೊಣಕಾಲಿಗೆ ಒತ್ತಿಕೊಂಡಳು.

"ಅಂಗಾರೆ ನಾಳೀಕೂ ಒತ್ ನೋಡ್ಲೇನವ್ವ?"

"ಒತ್ತಿ ಅಣ್ಣಾ," ಅಂದಳು. "ದಿನಾ ಒತ್ತಿ."