ಸೊನ್ನೆ ಏಕೆ ಸಲ್ಲದು

ಕಿಟಕಿಯ ಕೆಳಗಿನ ಹೀಟರ್ ಟಕ್ ಟಕ್ ಅನ್ನುತ್ತಿದೆ, ಒಳಗೆ ಯಾರೋ ಕುಳಿತು ಮೊಳೆ ಹೊಡೆಯುತ್ತಿರುವ ಹಾಗೆ, ಇನ್ನು ಇಪ್ಪತ್ತೇ ನಿಮಿಷ, ಒಂಬತ್ತನೆಯ ಪ್ರಶ್ನೆ — ಇಪ್ಪತ್ತೈದು ಅಡಿಯ ಏಣಿ ಗೋಡೆಗೆ ಒರಗಿದೆ, ಬುಡ ಗೋಡೆಯಿಂದ ಏಳು ಅಡಿ, ತುದಿ ಎಷ್ಟು ಕೆಳಗೆ ಜಾರಿತೋ ಬುಡವೂ ಅಷ್ಟೇ ಹೊರಕ್ಕೆ ಸರಿಯಿತು, ಎಷ್ಟು ಅಡಿ? — ಏಣಿಯೇ ಬರಬೇಕೆ, ಕ್ಷೇತ್ರಫಲ ಗೊತ್ತಿದ್ದೂ ಅಗಲ ಗೊತ್ತಿಲ್ಲದ ಆ ವಿಚಿತ್ರ ಜನರ ಹೂದೋಟ ಬರಬಾರದಿತ್ತೆ, ವೆರ್ನಾ ಪೆನ್ಸಿಲ್ ಕಚ್ಚಿದಳು, ನಲವತ್ತೇಳನೆಯ ವಯಸ್ಸಿನಲ್ಲಿ, ಇದು ಪಾಸಾದರೆ ನರ್ಸಿಂಗ್ ಸೀಟು, ಇಲ್ಲದಿದ್ದರೆ ಇನ್ನೊಂದು ವರ್ಷ, ಬೆಳಿಗ್ಗೆ ಗಂಡ ಗಾರ್ತ್ ಗಾಲಿಕುರ್ಚಿಯಿಂದಲೇ ಕೈ ಬೀಸಿ, ಹೋಗ್ಬಾ ಪ್ರೊಫೆಸರಮ್ಮ, ಎಕ್ಸ್ ಸಿಕ್ರೆ ಮನೆಗೂ ಒಂದು ತಗೊಂಬಾ. ಮೊದಲು ಚಿತ್ರ ಬರೀರಿ, ಹಾಲ್ವರ್ಸನ್ ಮೇಷ್ಟ್ರು ಹೇಳಿಕೊಟ್ಟದ್ದು, ಬರೆದಳು, ಗೋಡೆ, ನೆಲ, ಓರೆ ಗೆರೆ, ಗೆರೆಯ ತುದಿಯಲ್ಲಿ ಗಂಡನ ಹಳದಿ ಬೂಟು ಬರೆಯಲಿಲ್ಲ, ಆದರೂ ಕಾಣುತ್ತದೆ, ಡುಲೂತ್ ಊರಿನ ಆ ಅಕ್ಟೋಬರ್, ಸೂರಿನಂಚಿನ ಮಳೆನೀರ ದೋಣಿಯ ತುಂಬ ಒದ್ದೆ ಮೇಪಲ್ ಎಲೆ, ಬುಡ ಗಟ್ಟಿಯಾಗ್ ಹಿಡ್ಕೊಳೇ, ಹಿಡ್ಕೊಂಡಿದೀನಿ ಮಾರಾಯಾ, ಒಳಗೆ ಓವನ್ನಿನ ಗಂಟೆ ಕೂಗಿತು, ಕುಂಬಳಕಾಯಿ ಪೈ, ಒಂದ್ನಿಮಿಷ ಬಂದೆ — ಹೇಳಿದಳೇ, ಹೇಳಲಿಲ್ಲವೇ — ಪೈ ಸೀಯಲಿಲ್ಲ, ಹದವಾಗಿಯೇ ಬೆಂದಿತ್ತು. ಒದ್ದೆ ಎಲೆಗೆ ಏಣಿ ಜಾರ್ತು ಕಣ್ರೀ, ಗಾರ್ತ್ ಬಂದವರಿಗೆಲ್ಲ ಹೇಳುತ್ತಾನೆ, ಇವಳು ಪಾಪ ಹಿಡ್ಕೊಂಡೇ ಇದ್ಲು, ವೆರ್ನಾ ಹೌದೆಂದು ತಲೆಯಾಡಿಸುತ್ತಾಳೆ, ಎರಡು ವರ್ಷದಿಂದ.

ಎತ್ತರ ಇಪ್ಪತ್ತನಾಲ್ಕು, ಅದರಿಂದ ಎಕ್ಸ್ ಕಳೆದು ವರ್ಗ, ಏಳಕ್ಕೆ ಎಕ್ಸ್ ಕೂಡಿ ವರ್ಗ, ಎರಡೂ ಸೇರಿ ಆರುನೂರ ಇಪ್ಪತ್ತೈದು, ಬಿಡಿಸಿದರೆ ದೊಡ್ಡ ಸಂಖ್ಯೆಗಳೆಲ್ಲ ಹೊಡೆದುಹೋಗಿ ಎರಡು ಎಕ್ಸ್ ವರ್ಗ, ಕಳೆ ಮೂವತ್ತನಾಲ್ಕು ಎಕ್ಸ್, ಬಲಕ್ಕೆ ಸೊನ್ನೆ, ಉತ್ತರಗಳು ಎರಡು: ಹದಿನೇಳು ಮತ್ತು ಸೊನ್ನೆ. ಏಣಿಯ ಮೇಲೆ ಯಾರಾದರೂ ಇದ್ದರೇ ಎಂದು ಪುಸ್ತಕಗಳು ಕೇಳುವುದಿಲ್ಲ. ಕ್ಲಾಸಿನಲ್ಲಿ ಇಂಥದೇ ಲೆಕ್ಕಕ್ಕೆ ಮೇಷ್ಟ್ರು ಅಂದಿದ್ದರು, ಸೊನ್ನೆ ಬಂದ್ರೆ ಎಸೀರಿ ವೆರ್ನಾ, ಏಣಿ ಜಾರಿದೆ ಅಂತ ಪ್ರಶ್ನೇನೇ ಹೇಳ್ತಿದೆಯಲ್ಲ, ಆದ್ರೆ ಸಮೀಕರಣ ಅದನ್ನೂ ಒಪ್ಪುತ್ತಲ್ವಾ ಸರ್, ಒಪ್ಪುತ್ತಮ್ಮ, ಸಮೀಕರಣಕ್ಕೇನು, ನಾವು ಒಪ್ಪಬಾರದು. ಹದಿನೇಳಕ್ಕೆ ಸುತ್ತು ಹಾಕಿದಳು, ಕೆಳಗೆ ಇನ್ನೊಂದು ಸಾಲು, ಇನ್ನೊಂದು ಉತ್ತರ ಏಕೆ ಸಲ್ಲದು, ಕಾರಣ ಬರೆಯಿರಿ, ಅರ್ಧದಷ್ಟು ಅಂಕ ಅದಕ್ಕೇ, ಮೇಲ್ವಿಚಾರಕರ ದನಿ, ಐದ್ ನಿಮಿಷ ಇದೆ ಎಲ್ಲರೂ ಮುಗಿಸಿ, ಏಕೆಂದರೆ, ಎಂದು ಬರೆದಳು, ಏಕೆಂದರೆ ಬುಡದಲ್ಲಿ — ಅಳಿಸಿದಳು, ಏಕೆಂದರೆ — ಸೊನ್ನೆಯಲ್ಲಿ ಏಣಿ ಜಾರದೆ ಹಾಗೆಯೇ ಒರಗಿದೆ, ಬುಡ ಏಳು ಅಡಿ, ಬುಡದಲ್ಲಿ ಎರಡು ಕೈ, ಒಳಗೆ ಗಂಟೆ ಕೂಗುತ್ತಿದೆ, ಕೂಗಲಿ, ಪೈ ಸೀಯಲಿ, ಮೇಲಿನ ಮೆಟ್ಟಿಲಲ್ಲಿ ಹಳದಿ ಬೂಟು, ಹಳದಿ ಬೂಟು