ಡಾಕ್ಟರ್ ಪಂಕಜಾ ತೊಡುವ ಪಟ್ಟಿಗಳು

ಬಾಯಿ ತುಂಬ ಗಟ್ಟಿ ಹಲ್ಲುಗಳಿದ್ದೂ ಅಂಗುಳಿಗೆ ಪಟ್ಟಿ ತೊಟ್ಟುಕೊಂಡು ತೊದಲುವವಳನ್ನು ನಾನು ಕಂಡಿರುವುದು ಒಬ್ಬಳನ್ನೇ. ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ, ರವಿಕೆ ಹೊಲಿಯುವ ಅಂಗಡಿಯ ಮೇಲಿನ ಮಹಡಿಯಲ್ಲಿ, ಉದುರಿದ ಹಲ್ಲುಗಳ ಜಾಗಕ್ಕೆ ಹಲ್ಲು ಕಟ್ಟಿಕೊಡುವ ಡಾಕ್ಟರ್ ಪಂಕಜಾ ಅವಳು. ಮೊದಲ ಸಲ ಅಲ್ಲಿಗೆ ಹೋದವರು, ಪಾಪ, ಡಾಕ್ಟರಿಗೇ ಮಾತು ಸರಿಯಿಲ್ಲವಲ್ಲ ಎಂದು ಒಳಗೊಳಗೇ ಮರುಗುತ್ತಾರೆ. ಮುಂದಿನ ಸಲ ಅದೇ ಡಾಕ್ಟರು ಸರಾಗವಾಗಿ ಮಾತಾಡುವುದನ್ನು ಕೇಳಿ ಗಲಿಬಿಲಿಗೊಳ್ಳುತ್ತಾರೆ. ಗುಟ್ಟು ಬಲ್ಲವಳು ಬಾಗಿಲ ಬಳಿ ಕೂತು ಚೀಟಿ ಕೊಡುವ ಮರಿಯಮ್ಮ.

"ಇವತ್ತು ಯಾರ ಪಟ್ಟಿ ಮೇಡಂ ಬಾಯಲ್ಲಿ?"

"ಥಿದ್ದಾಪುರದ ಹೂವಿನ ಅಜ್ಜೀದು."

"ಹಂಗಾದ್ರೆ ಫೋನು ನಾನೇ ಎತ್ತುತೀನಿ ಬಿಡಿ. ನೀವು ಮಾತಾಡಿದ್ರೆ ಅವ್ರು ರಾಂಗ್ ನಂಬರ್ ಅಂತ ಇಟ್ಬಿಡ್ತಾರೆ."

ಸಂಗತಿ ಇಷ್ಟೇ. ಕೆಲವು ಹಲ್ಲು ಉಳಿದು ಕೆಲವು ಹೋದವರಿಗೆ, ಹಾಕಿ ತೆಗೆಯುವಂಥ ಹಲ್ಲು ಕಟ್ಟುವಾಗ, ಬಲಗಡೆಯ ಹಲ್ಲುಗಳನ್ನೂ ಎಡಗಡೆಯವನ್ನೂ ಒಂದುಗೂಡಿಸಲು ಅಂಗುಳನ್ನು ದಾಟಿ ಹೋಗುವ ಪಟ್ಟಿಯೊಂದು ಬೇಕು. ಮೇಜರ್ ಕನೆಕ್ಟರ್ ಎಂದು ಅವರ ಶಾಸ್ತ್ರದಲ್ಲಿ ಅದಕ್ಕೆ ಹೆಸರು. ಅದು ಅಗಲವಾದರೆ ಭದ್ರ, ಆದರೆ ನಾಲಿಗೆಗೆ ಇಕ್ಕಟ್ಟು. ಕಿರಿದಾದರೆ ನಾಲಿಗೆಗೆ ಸುಖ, ಆದರೆ ಅಗಿಯುವಾಗ ಬಾಗಿ, ತಾನು ಆತುಕೊಂಡ ಹಲ್ಲುಗಳನ್ನೇ ಅಲುಗಾಡಿಸಿಬಿಡುತ್ತದೆ. ಎಷ್ಟೋ ಮಂದಿ ಡಾಕ್ಟರುಗಳು ಅಚ್ಚು ತೆಗೆದು ಲ್ಯಾಬಿಗೆ ಕಳಿಸಿ, ಪಟ್ಟಿಯ ಆಕಾರವನ್ನು ಅಲ್ಲಿಯವರ ವಿವೇಕಕ್ಕೇ ಬಿಡುತ್ತಾರಂತೆ. ಪಂಕಜಾ ಬಿಡುವವಳಲ್ಲ. ಪ್ಲಾಸ್ಟರಿನ ಅಚ್ಚಿನ ಮೇಲೆ ಕೆಂಪು ಪೆನ್ಸಿಲಿನಿಂದ ತಾನೇ ಗೆರೆ ಎಳೆಯುತ್ತಾಳೆ. ಸುಲಭವಾಗಿ ತೀರ್ಮಾನವಾಗದ ಬಾಯಿಯಾದರೆ, ಅದೇ ಆಕಾರದ್ದೊಂದನ್ನು ತನ್ನ ಅಂಗುಳಿನ ಅಳತೆಗೆ ಮಾಡಿಸಿ, ದಿನಗಟ್ಟಲೆ ತೊಟ್ಟು, ಅದರಲ್ಲೇ ಉಂಡು, ಅದರಲ್ಲೇ ಬಿಸಿ ಕಾಫಿ ಕುಡಿದು, ತರಕಾರಿಯವನೊಡನೆ ಅದರಲ್ಲೇ ಚೌಕಾಸಿ ಮಾಡಿ, ಆಮೇಲೆ ಇನ್ನೊಬ್ಬರ ಬಾಯಿಗೆ ಕೈ ಹಾಕುತ್ತಾಳೆ. "ಹಾಕ್ಕೊಂಡು ನೋಡ್ತೀನಿ" ಎಂಬುದು ಅವಳ ಬಾಯಿಪಾಠದ ಮಾತು. ಹೌದು ಎನ್ನಬೇಕಾದಲ್ಲಿಯೂ, ಇಲ್ಲ ಎನ್ನಬೇಕಾದಲ್ಲಿಯೂ ಅದೇ.

ಹೀಗೆ ತೊಟ್ಟು ಬಿಟ್ಟ ಪಟ್ಟಿಗಳೆಲ್ಲ ಒಂದು ಸ್ಟೀಲಿನ ಡಬ್ಬಿಯಲ್ಲಿ, ಡಬ್ಬಿ ಅವಳ ಬಿಳಿ ಕೋಟಿನ ಎಡಜೇಬಿನಲ್ಲಿ. ಆ ಭಾರಕ್ಕೆ ಕೋಟು ಒಂದು ಮಗ್ಗುಲಿಗೆ ಜೋತುಬಿದ್ದಿದೆ, ಅವಳ ನಡಿಗೆಯೂ ಕೊಂಚ ಎಡಕ್ಕೆ ವಾಲಿದೆ. ಅವಳು ಮೆಟ್ಟಿಲು ಹತ್ತಿ ಬರುವಾಗ ಡಬ್ಬಿಯ ಸದ್ದು ಮೊದಲು ಬರುತ್ತದೆ, ಅವಳು ಆಮೇಲೆ. ಯೋಚನೆಗೆ ಬಿದ್ದಳೆಂದರೆ ಮುಚ್ಚಿದ ಬಾಯೊಳಗೆ ನಾಲಿಗೆ ಅಂಗುಳನ್ನು ಸವರುತ್ತಿರುತ್ತದೆ. ನೋಡಿದವರು ಏಲಕ್ಕಿ ಮೆಲ್ಲುತ್ತಿದ್ದಾಳೆ ಎಂದುಕೊಳ್ಳಬೇಕು.

ಅವಳು ನನ್ನ ವಿದ್ಯಾರ್ಥಿನಿ. ಬನಶಂಕರಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಮೂರನೆಯ ಬೆಂಚಿನ ಕಿಟಕಿ ಪಕ್ಕದ ಹುಡುಗಿ. ಒಮ್ಮೆ ಪರೀಕ್ಷೆಯಲ್ಲಿ 'ಕಡಲ ತೀರದಲ್ಲಿ ಒಂದು ಸಂಜೆ' ಎಂದು ಪ್ರಬಂಧ ಕೊಟ್ಟಿದ್ದೆ. ತರಗತಿಯಲ್ಲಿ ಕಡಲು ಕಂಡವರು ಯಾರೂ ಇರಲಿಲ್ಲವೆಂದು ತೋರುತ್ತದೆ. ಆದರೂ ಎಲ್ಲರ ಉತ್ತರದಲ್ಲಿಯೂ ಅಲೆಗಳು ಭೋರ್ಗರೆದವು, ಸೂರ್ಯನು ಕುಂಕುಮ ಚೆಲ್ಲಿದನು. ಪಂಕಜಾಳ ಹಾಳೆ ಮಾತ್ರ ಖಾಲಿ. ಕರೆದು ಕೇಳಿದರೆ, "ನಾನು ನೋಡಿಲ್ಲ ಸಾರ್" ಎಂದಳು. ಅಹಂಕಾರವಿರಲಿಲ್ಲ, ಅಳುವೂ ಇರಲಿಲ್ಲ. ಹೊರಗೆ ಬಿಸಿಲಿದೆ ಎನ್ನುವ ಹಾಗೆ ಹೇಳಿದಳು. ಅಂಕ ಕೊಡುವ ಹಾಗಿರಲಿಲ್ಲ, ಕೊಡಲಿಲ್ಲ. ಆದರೆ ಅಂದು ತಿದ್ದಿದ ಉತ್ತರಗಳಲ್ಲಿ ಇಂದಿಗೂ ನೆನಪಿರುವುದು ಆ ಒಂದು ಖಾಲಿ ಹಾಳೆ.

ನಮ್ಮ ಪಕ್ಕದ ಮನೆಯ ತಿರುಮಲೇಶರನ್ನು ಅವಳ ಬಳಿಗೆ ಕರೆದುಕೊಂಡು ಹೋದವನು ನಾನೇ. ತಿರುಮಲೇಶರು ಕೊನ್ನಕೋಲು ಕಲಾವಿದರು; ಮೃದಂಗದ ನುಡಿಗಳನ್ನು ಬಾಯಿಯಿಂದಲೇ, ತಾಳಕ್ಕೆ ತಕ್ಕಂತೆ, ಕಾಳು ಚೆಲ್ಲಿದ ಹಾಗೆ ಹೇಳುವುದು ಅವರ ವಿದ್ಯೆ, ಅವರ ಅನ್ನ. ಮೇಲಿನ ಸಾಲಿನಲ್ಲಿ ಎರಡೂ ಕಡೆ ಅಗಿಯುವ ಹಲ್ಲುಗಳು ಹೋಗಿ, ಆಚೆ ತುದಿಯಲ್ಲಿ ಒಂದೊಂದು ದವಡೆ ಹಲ್ಲು ಮಾತ್ರ ಕಾವಲಿಗೆ ನಿಂತಂತಿದ್ದವು. ಬೇರೆಲ್ಲೋ ಕಟ್ಟಿಸಿಕೊಂಡಿದ್ದ ಹಲ್ಲಿನ ಪ್ಲೇಟು ಅಂಗುಳನ್ನು ಪೂರ್ತಿ ಮುಚ್ಚುವಂಥದು. ಕಛೇರಿಗೆ ಕೂತ ಕೂಡಲೆ ಅವರು ಅದನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಜೇಬಿಗೆ ಹಾಕುತ್ತಿದ್ದರು. ಕಡೆಕಡೆಗೆ ಊಟಕ್ಕೂ ಹಾಕುವುದು ಬಿಟ್ಟರು.

ಪಂಕಜಾ ಅವರ ಮುಂದಿನ ಹಲ್ಲೊಂದನ್ನು ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದಳು. "ಈಗ ಎಲ್ಲಾ ಮುಂದಿನ ಹಲ್ಲಲ್ಲೇ ಅಗೀತಿದೀರ ಸಾರ್. ನೋಡಿ, ಆಡೋಕೆ ಶುರು ಆಗಿದೆ. ಹಿಂಗೇ ಬಿಟ್ರೆ ಇವೂ ಹೋಗ್ತವೆ. ಆಮೇಲೆ ನಿಮ್ಮ ತಕಧಿಮಿಯ 'ತ' ಯಾವ ಗೋಡೆಗೆ ತಾಗಬೇಕು?"

ತಿರುಮಲೇಶರು ಲೆಕ್ಕ ಹಾಕಿದರು. ಹಲ್ಲು ಕಟ್ಟಿಸದಿದ್ದರೆ ಮುಂದಿನ ಹಲ್ಲು ಹೋಗುತ್ತದೆ. ಕಟ್ಟಿಸಿದ ಪಟ್ಟಿ ಅಡ್ಡ ಬಂದರೆ ನಾಲಿಗೆ ನಿಲ್ಲುತ್ತದೆ. ಎರಡು ಕಡೆಯಿಂದಲೂ ಹೋಗುವುದು ಅವರ ವಿದ್ಯೆಯೇ.

"ಹಂಗಾದ್ರೆ ಒಂದ್ ಕೆಲ್ಸ ಮಾಡಿ ಡಾಕ್ಟ್ರೇ," ಎಂದರು. "ಮಧ್ಯ ಪೂರ್ತಿ ಖಾಲಿ ಬಿಟ್ಬಿಡಿ. ಪಟ್ಟಿ ಹಲ್ಲಿನ ಪಕ್ಕದಲ್ಲೇ ಸುತ್ತಿ ಬರ್ಲಿ, ಕುದುರೆ ಲಾಳದ ಥರ. ನಾಲಿಗೆ ಆಡೋಕೆ ಬಯಲು ಬೇಕು ನಂಗೆ."

"ಲಾಳ ಬಾಗುತ್ತೆ ಸಾರ್."

"ಬಾಗ್ಲಿ. ನಾನೇನು ಕಬ್ಬು ತಿಂತೀನಾ?"

"ಹಾಕ್ಕೊಂಡು ನೋಡ್ತೀನಿ," ಎಂದಳು ಪಂಕಜಾ.

ಹಾಕಿಕೊಂಡಳು. ಕೆಲವು ದಿನ ಲಾಳ, ಕೆಲವು ದಿನ ಅಂಗುಳಿನ ನಡುವೆ ಅಡ್ಡ ಹಾಯುವ ತೆಳ್ಳಗಿನ ಪಟ್ಟಿ. ನಾವು ಮತ್ತೆ ಹೋದಾಗ ನಡುಪಟ್ಟಿಯೇ ಬಾಯಲ್ಲಿತ್ತು, ಮಾತು ಸ್ವಚ್ಛವಾಗಿತ್ತು. "ಲಾಳದಲ್ಲಿ ನಂಗೆ ತೊದಲು ಬಂತು. ಇದ್ರಲ್ಲಿ ಎಲ್ಲಾ ಮಾತೂ ಬರುತ್ತೆ," ಎಂದು ಸಂತೋಷದಿಂದಲೇ ಹೇಳಿದಳು.

"ಎಲ್ಲಾ ಮಾತೂನಾ? ಎಲ್ಲಿ, ಇದನ್ನ ಹೇಳಿ," ಎಂದು ತಿರುಮಲೇಶರು ತೊಡೆ ತಟ್ಟಿ, ಸಣ್ಣದೊಂದು ಸೊಲ್ಲುಕಟ್ಟನ್ನು ಅವಳತ್ತ ಎಸೆದರು. ತಕಜಣು, ತರಿಕಿಟ, ತದಿಂಗಿಣತೋಂ. ಪಂಕಜಾ ಪ್ರಯತ್ನಿಸಿದಳು. ತರಿಕಿಟದಲ್ಲಿ ಎಡವಿ, ತದಿಂಗಿಣದಲ್ಲಿ ಬಿದ್ದಳು. ಪಟ್ಟಿಯನ್ನು ತೆಗೆದು ಡಬ್ಬಿಗೆ ಹಾಕಿ ಇನ್ನೊಮ್ಮೆ ಹೇಳಿದಳು. ಅದೇ ಜಾಗದಲ್ಲಿ ಬಿದ್ದಳು.

"ಪಟ್ಟಿ ತೆಗೆದ್ರೂ ಅಷ್ಟೇನಾ ಮೇಡಂ?" ಎಂದು ಬಾಗಿಲಿನಿಂದ ಮರಿಯಮ್ಮ ಕೇಳಿದಳು.

ತಿರುಮಲೇಶರು ನಗಲಿಲ್ಲ. "ನಿಮ್ದು ಊಟ ಮಾಡೋ ನಾಲಿಗೆ ಡಾಕ್ಟ್ರೇ. ನಂದು ದುಡಿಯೋ ನಾಲಿಗೆ. ನಿಮ್ಮ ಬಾಯಿ ನನ್ನ ಬಾಯಿಗೆ ಜಾಮೀನು ನಿಲ್ಲಲ್ಲ," ಎಂದು ಮೆಲ್ಲಗೆ ಹೇಳಿ, ಚಪ್ಪಲಿ ಹುಡುಕುವವರಂತೆ ಕೆಳಗೆ ನೋಡಿದರು.

ತನ್ನ ವೃತ್ತಿಯ ಉದ್ದಕ್ಕೂ ನೆಚ್ಚಿಕೊಂಡು ಬಂದ ಪದ್ಧತಿ ಒಂದು ಸೊಲ್ಲುಕಟ್ಟಿಗೆ ಮುರಿದುಬಿದ್ದಾಗ ಬೇರೆಯವರು ಏನು ಮಾಡುತ್ತಿದ್ದರೋ ತಿಳಿಯದು. ಪಂಕಜಾ ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. ಮುಚ್ಚಿದ ಬಾಯೊಳಗೆ ನಾಲಿಗೆ ಸವರಾಡುವುದೂ ನಿಂತಿತು. ಖಾಲಿ ಹಾಳೆ ಕೊಟ್ಟ ದಿನದ ಮುಖವೇ ಅದು. ನನಗೆ ಕೂಡಲೆ ಗುರುತು ಸಿಕ್ಕಿತು.

"ಹೌದು," ಎಂದಳು. "ನಿಮ್ಮ ನಾಲಿಗೆ ಒಳಗೆ ಏನ್ ಮಾಡುತ್ತೆ ಅಂತ ನಾನು ನೋಡಿಲ್ಲ. ಕೂತ್ಕೊಳ್ಳಿ ಸಾರ್, ನೋಡೋಣ."

ಅವರ ಅಂಗುಳಿನ ಅಚ್ಚಿನ ಮೇಲೆ, ಅಂಗುಳನ್ನೆಲ್ಲ ಆವರಿಸುವ, ಎಲೆಯಷ್ಟು ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಂದನ್ನು ಸಿದ್ಧಮಾಡಿದಳು. ಅದರ ಮೈಗೆ ಬಿಳಿಯ ಪುಡಿಯನ್ನು ಸಮವಾಗಿ ಉದುರಿಸಿ, ಮಗುವಿಗೆ ತುತ್ತಿಡುವಷ್ಟು ಜೋಪಾನವಾಗಿ ಅವರ ಬಾಯಲ್ಲಿಟ್ಟಳು. "ಒಂದೇ ಸಲ ಹೇಳಿ. ಎಂಜಲು ನುಂಗಬೇಡಿ." ತಿರುಮಲೇಶರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ಒಂದು ಆವರ್ತ ಹೇಳಿದರು. ಹಾಳೆಯ ತೊಡಕಿಗೆ ನುಡಿಗಳು ಒದ್ದೆ ಬಟ್ಟೆಯಂತೆ ಭಾರವಾಗಿ ಬಂದವು. ಆದರೆ ಲೆಕ್ಕ ತಪ್ಪಲಿಲ್ಲ.

ಪಂಕಜಾ ಅದನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ನಾಲಿಗೆ ತಾಗಿದಲ್ಲೆಲ್ಲ ಪುಡಿ ಅಳಿಸಿಹೋಗಿತ್ತು. ಮುಂದಿನ ಹಲ್ಲುಗಳ ಹಿಂದೆ ಒಂದು ಕಣವೂ ಉಳಿದಿರಲಿಲ್ಲ. ಎರಡು ಪಕ್ಕಗಳಲ್ಲಿ ಸವೆದ ಗುರುತು. ಗಂಟಲ ಕಡೆಯ ಅಂಚೂ ಬರಿದು. ನಡುವೆ ಮಾತ್ರ, ಅಡ್ಡಲಾಗಿ ಒಂದು ಬೆರಳಿನಷ್ಟು ಅಗಲಕ್ಕೆ, ಪುಡಿ ಇಟ್ಟ ಹಾಗೆಯೇ ಇತ್ತು.

"ನೀವು ಬಯಲು ಕೇಳಿದ್ರಲ್ಲ ಸಾರ್. ಬಯಲಿಗೆ ನೀವು ಕಾಲೇ ಇಟ್ಟಿಲ್ಲ. ಓಡಾಡಿರೋದೆಲ್ಲ ಬೇಲಿ ಮೇಲೆ. ನಾನು ಲಾಳ ಹಾಕಿದ್ರೆ ಸರಿಯಾಗಿ ಆ ದಾರಿಗೇ ಅಡ್ಡ ಬರ್ತಿತ್ತು."

ತಿರುಮಲೇಶರು ಕನ್ನಡಕ ಹಾಕಿಕೊಂಡು ಆ ಬಿಳಿಯ ತುಂಡನ್ನು ಬಹಳ ಹೊತ್ತು ನೋಡಿದರು. "ಇಷ್ಟು ವರ್ಷ ಹೇಳಿದೀನಿ ಮೇಷ್ಟ್ರೇ," ಎಂದು ನನ್ನ ಕಡೆ ತಿರುಗಿದರು, "ಎಲ್ಲಿ ತಾಗುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ ನೋಡಿ."

ಪುಡಿ ಉಳಿದ ಜಾಗದಲ್ಲೇ ಕೆಂಪು ಗೆರೆ ಬಂತು. ಮಡಿವಾಳದ ಲ್ಯಾಬಿನಿಂದ ಬಂದ ಲೋಹದ ಪಟ್ಟಿಯ ಮುಂದಂಚು ಅಂಗುಳಿನ ಉಬ್ಬುಗೆರೆಯೊಂದರ ಮೇಲೆ ಕೂತಿತೆಂದು ಅವಳು ಅದನ್ನು ಹಿಂದಕ್ಕೆ ಕಳಿಸಿದಳು. ಅಂಚು ಎರಡು ಉಬ್ಬುಗೆರೆಗಳ ನಡುವಿನ ತಗ್ಗಿನಲ್ಲಿ, ನಾಲಿಗೆಗೆ ತಿಳಿಯದ ಹಾಗೆ ಮುಗಿಯಬೇಕೆಂಬುದು ಅವಳ ಹಟ. ಕೊನೆಗೆ ಹಲ್ಲು ಕೂತ ಮೇಲೆಯೂ ತಿರುಮಲೇಶರು ಮೊದಮೊದಲು ಗೊಣಗಿದರು: "ಬಾಯಲ್ಲಿ ಬಾಡಿಗೆಯವರು ಬಂದಂಗಿದೆ." ಪಂಕಜಾ ಯಾವ ಭರವಸೆಯನ್ನೂ ಕೊಡಲಿಲ್ಲ. "ಹಾಕ್ಕೊಂಡು ಹೇಳ್ತಾ ಇರಿ, ನೋಡೋಣ," ಎಂದಳು.

ಈ ಸಲದ ರಾಮೋತ್ಸವದಲ್ಲಿ ಅವರ ಕಛೇರಿಯಿತ್ತು. ನಾನು ಎರಡನೆಯ ಸಾಲಿನಲ್ಲಿದ್ದೆ. ತಾಳದವರಿಗೇ ಮೀಸಲಾದ ತನಿ ಆವರ್ತನಕ್ಕೆ ಮುನ್ನ ತಿರುಮಲೇಶರ ಕೈ ಅಭ್ಯಾಸಬಲದಿಂದ ಬಾಯಿಯ ಕಡೆಗೆ ಹೋಯಿತು, ಅರ್ಧದಲ್ಲಿ ನಿಂತಿತು, ತೊಡೆಯ ಮೇಲೆ ಇಳಿದು ತಾಳ ಹಿಡಿಯಿತು. ಮೊದಲ ಕಾಲದ ನಿಧಾನ ನಡೆಯಲ್ಲಿ ನುಡಿಗಳು ಒಂದೊಂದಾಗಿ, ಹೊಸ ನೆಲದ ಮೇಲೆ ಹೆಜ್ಜೆಯಿಡುವಂತೆ ಬಂದವು. ಎರಡನೆಯದರಲ್ಲಿ ನೆಲದ ನೆನಪು ಹೋಯಿತು. ಮೂರನೆಯ ಕಾಲಕ್ಕೆ ಮುಂದಿನ ಸಾಲಿನ ಅಜ್ಜಿಯರು ಕುರ್ಚಿಯ ಅಂಚಿಗೆ ಬಂದಿದ್ದರು. ತಿರುಗಿ ನೋಡಿದೆ. ಕೊನೆಯ ಸಾಲಿನಲ್ಲಿ, ಕೋಟಿಲ್ಲದೆ ಸೀರೆಯಲ್ಲಿ, ಪಂಕಜಾ ನೆಟ್ಟಗೆ ಕೂತಿದ್ದಳು. ತುಟಿ ಮುಚ್ಚಿತ್ತು, ಕೆನ್ನೆಯೊಳಗೆ ನಾಲಿಗೆ ತರಿಕಿಟದ ಹಿಂದೆ ಓಡುತ್ತಿತ್ತು. ಖಂಡಿತವಾಗಿ ಅದೇ ಜಾಗದಲ್ಲಿ ಬೀಳುತ್ತಿತ್ತು.

ಇನ್ನೊಬ್ಬರಿಗೆ ಕೊಡುವುದನ್ನು ಮೊದಲು ತಾವು ತೊಟ್ಟು ನೋಡುವವರು ಲೋಕದಲ್ಲಿ ಇದ್ದಾರೆ. ಹೆಚ್ಚು ಮಂದಿ ಇಲ್ಲ. ತೊಟ್ಟು ನೋಡಿದ ಮೇಲೆಯೂ, ನಿಮ್ಮದು ನನಗಿನ್ನೂ ತಿಳಿಯಲಿಲ್ಲ ಎಂದು ಒಪ್ಪಿ, ಪೆನ್ಸಿಲು ಕೆಳಗಿಟ್ಟು, ಮತ್ತೊಮ್ಮೆ ನೋಡಲು ಕೂರುವವರು ಅವರಲ್ಲಿಯೂ ಕೆಲವರೇ. ಅವರ ಕೈಯಿಂದ ಆದ ಒಳ್ಳೆಯ ಕೆಲಸ, ನಾಲಿಗೆಗೆ ತಿಳಿಯದ ಅಂಚಿನಂತೆ, ಅದನ್ನು ಪಡೆದವರಿಗೇ ಮರೆತುಹೋಗುತ್ತದೆ. ಅಂಥವರು ಎದುರಿಗೆ ಬಂದಾಗಲೂ ನಮಗೆ ಸುಲಭಕ್ಕೆ ಗುರುತು ಸಿಗುವುದಿಲ್ಲ; ಪಾಪ, ಮಾತು ಸ್ವಲ್ಪ ತೊದಲುತ್ತಿದೆಯಲ್ಲ ಎಂದಷ್ಟೇ ಅನ್ನಿಸುತ್ತದೆ.